ಬಾರ್ಶಿಯ ಪ್ರಯೋಗ: ವೈದ್ಯವಿಜ್ಞಾನದ ಇತಿಹಾಸದಲ್ಲಿ ನಮ್ಮ ನೆರೆಹೊರೆಯ ಹಳ್ಳಿಗಳು

ಸೊಲ್ಲಾಪುರ ಜಿಲ್ಲೆಯ ಇತಿಹಾಸವನ್ನು ಹೇಳುವಾಗ ನಾವು ತಪ್ಪದೆ ಸ್ಮರಿಸುವ ಸಂಗತಿಗಳು ಕೆಲವಿವೆ. ಶಿವಯೋಗಿ ಸಿದ್ಧರಾಮೇಶ್ವರರ ಕೆರೆ, ಅಕ್ಕಲಕೋಟೆಯ ಸಂಸ್ಥಾನ, ನೇಕಾರರ ಚಾದರ, ಹತ್ತಿಯ ಗಿರಣಿಗಳು, 1930ರ ಮಾರ್ಷಲ್ ಲಾ, ಚೀನಾ ದೇಶದಲ್ಲಿ ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ಕಣ್ಮುಚ್ಚಿದ ಸೊಲ್ಲಾಪುರದ ಸುಪುತ್ರ ಡಾ. ದ್ವಾರಕಾನಾಥ ಕೋಟ್ನಿಸ್. ಇವೆಲ್ಲವೂ ನಮ್ಮ ಪಾಠಗಳಲ್ಲಿ, ಭಾಷಣಗಳಲ್ಲಿ, ಜಯಂತಿಗಳಲ್ಲಿ ಬಂದಿವೆ. ಆದರೆ ಇದೇ ಜಿಲ್ಲೆಯ ಬಾರ್ಶಿ ಪಟ್ಟಣವೂ ಅದರ ಮಗ್ಗುಲಿನ ಉಸ್ಮಾನಾಬಾದ್ ಜಿಲ್ಲೆಯ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳೂ ಸೇರಿ ಜಗತ್ತಿನ ವೈದ್ಯವಿಜ್ಞಾನಕ್ಕೆ ಸಲ್ಲಿಸಿದ ಒಂದು ದೊಡ್ಡ ಕಾಣಿಕೆಯ ಕಥೆ ಮಾತ್ರ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಅಕ್ಕಲಕೋಟೆಯ ಉತ್ತರಕ್ಕೆ ಹೊರಟರೆ ಸಿಗುವ ತುಳಜಾಪುರ, ಉಮರ್ಗಾ ಸೀಮೆಯೂ ಆ ಜಿಲ್ಲೆಗೇ ಸೇರಿದ್ದು. ನಮ್ಮ ಬೀಗರು ಬಿಜ್ಜರು, ನಮ್ಮ ಶಾಲೆಗಳಿಗೆ ಬರುವ ಮಕ್ಕಳ ಅಜ್ಜಿಯರು ಇರುವ ನೆಲವದು.

1999ರಿಂದ ಹತ್ತು ವರ್ಷಗಳ ಕಾಲ ಆ ಜಿಲ್ಲೆಯ ಒಂದು ಲಕ್ಷ ಮೂವತ್ತೊಂದು ಸಾವಿರಕ್ಕೂ ಮಿಕ್ಕಿದ ಹೆಣ್ಣುಮಕ್ಕಳನ್ನು ಒಳಗೊಂಡು ನಡೆದ ಒಂದು ವೈದ್ಯಕೀಯ ಪ್ರಯೋಗದ ಇತಿಹಾಸವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಆ ಪ್ರಯೋಗದ ಹಿರಿಮೆ ಅರ್ಥವಾಗಬೇಕಾದರೆ ಪ್ರಯೋಗವನ್ನು ಹೇಗೆ ಹೂಡುತ್ತಾರೆ, ಚೀಟಿ ಎತ್ತಿದಂತೆ ಗುಂಪುಗಳನ್ನು ಏಕೆ ಮಾಡುತ್ತಾರೆ, ಯಾರಿಗೆ ಯಾವ ಮದ್ದು ಸಿಕ್ಕಿತೆಂಬುದನ್ನು ಏಕೆ ಮರೆಮಾಚುತ್ತಾರೆ ಎಂಬುದು ಮೊದಲು ತಿಳಿಯಬೇಕು. ಆದುದರಿಂದ ಅಲ್ಲಿಂದಲೇ ಆರಂಭಿಸೋಣ.

ಹೊಲದಿಂದ ಆಸ್ಪತ್ರೆಗೆ

ಒಂದು ಮದ್ದು ಗುಣ ಕೊಟ್ಟಿತು ಎಂದು ಹೇಳುವುದು ಸುಲಭ. ಅದನ್ನು ಸಿದ್ಧಪಡಿಸುವುದು ಕಷ್ಟ. ಮದ್ದು ತೆಗೆದುಕೊಂಡವನು ತಾನಾಗಿಯೇ ಗುಣವಾಗುವವನಿದ್ದಿರಬಹುದು. ಮದ್ದು ಕೊಂಡವರು ಉಣ್ಣಲು ಉಡಲು ಉಳ್ಳವರಾಗಿದ್ದು, ಕೊಳ್ಳದವರು ಬಡವರಾಗಿದ್ದಿರಬಹುದು. ಆಗ ಕಂಡ ವ್ಯತ್ಯಾಸ ಮದ್ದಿನದೋ ಅನ್ನದ್ದೋ ಎಂದು ಯಾರು ಹೇಳಬೇಕು?

ಈ ತೊಡಕು ನಮ್ಮ ಪ್ರಾಂತದಲ್ಲಿ ಬಹು ಹಿಂದೆಯೇ ಎದುರಾಗಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಮಾರಿ ಬಂದಾಗ ಅಲ್ಲಿ ಲಸಿಕೆಯನ್ನು ಸಿದ್ಧಪಡಿಸಿದ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್. 1897ರ ಜನವರಿಯಲ್ಲಿ ಆತ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಆ ಚುಚ್ಚುಮದ್ದು ಹಾಕಲಾಯಿತು. ಆದರೆ ತಾವಾಗಿ ಮುಂದೆ ಬಂದವರನ್ನೂ ಬಾರದೆ ಉಳಿದವರನ್ನೂ ಹೋಲಿಸಿದರೆ ಮೇಲೆ ಹೇಳಿದ ಅನುಮಾನ ಉಳಿದೇ ಉಳಿಯುತ್ತದೆ. ಅದೇ 1898ರಲ್ಲಿ ಬಡೋದೆ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಹಾಫ್ಕಿನ್ ಬೇರೆ ದಾರಿ ಹಿಡಿದನು. ಮನೆಮನೆಯ ಜನರನ್ನು ಸೇರಿಸಿ, ಪ್ರತಿ ಕುಟುಂಬದಲ್ಲಿ ಸುಮಾರು ಅರ್ಧ ಜನರಿಗೆ ಲಸಿಕೆ ಹಾಕಿ, ಉಳಿದರ್ಧವನ್ನು ಹಾಗೆಯೇ ಬಿಟ್ಟನು. ಒಂದೇ ಮನೆ, ಒಂದೇ ಒಲೆ, ಒಂದೇ ಇಲಿಯ ಕಾಟ. ಮಾರಿ ಬಂದು ಹೋದ ಮೇಲೆ ಎಣಿಸಿದಾಗ ಲಸಿಕೆ ಹಾಕಿಸಿಕೊಂಡವರಲ್ಲಿ 3 ಜನ, ಹಾಕಿಸಿಕೊಳ್ಳದವರಲ್ಲಿ 26 ಜನ ತೀರಿಕೊಂಡಿದ್ದರು. ಹೋಲಿಕೆ ನ್ಯಾಯವಾಗಿದ್ದರೆ ಸಣ್ಣ ಹಳ್ಳಿಯ ಲೆಕ್ಕವೂ ಎಷ್ಟು ಗಟ್ಟಿಯಾಗಿ ಮಾತನಾಡಬಲ್ಲದು ಎಂಬುದಕ್ಕೆ ಇದು ನಿದರ್ಶನ. ಆದರೂ ಯಾರಿಗೆ ಲಸಿಕೆ, ಯಾರಿಗಿಲ್ಲ ಎಂಬ ಆಯ್ಕೆ ಇನ್ನೂ ಮನುಷ್ಯನ ಕೈಯಲ್ಲಿಯೇ ಇತ್ತು.

ಆ ಆಯ್ಕೆಯನ್ನು ಮನುಷ್ಯನ ಕೈಯಿಂದ ಬಿಡಿಸಿದವನು ಆಸ್ಪತ್ರೆಯವನಲ್ಲ, ಹೊಲದ ಲೆಕ್ಕ ಮಾಡುವವನು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿದ್ದ ಆರ್. ಎ. ಫಿಶರ್ 1920ರ ದಶಕದಲ್ಲಿ ಒಂದು ವಿಚಾರವನ್ನು ಮುಂದಿಟ್ಟನು. ಒಂದೇ ಹೊಲದಲ್ಲಿಯೂ ಒಂದು ಮೂಲೆ ಎರೆ, ಇನ್ನೊಂದು ಮೂಲೆ ಮಸಾರಿ. ಒಂದೆಡೆ ತೇವ ನಿಲ್ಲುತ್ತದೆ, ಇನ್ನೊಂದೆಡೆ ಹರಿದುಹೋಗುತ್ತದೆ. ಒಳ್ಳೆಯ ಬೀಜವನ್ನು ತನಗೆ ತೋಚಿದ ಮಡಿಯಲ್ಲಿ ಬಿತ್ತಿದ ರೈತ ಬೀಜವನ್ನು ಪರೀಕ್ಷಿಸಿದಂತಾಗುವುದಿಲ್ಲ, ಮಣ್ಣನ್ನೂ ಸೇರಿಸಿ ಪರೀಕ್ಷಿಸಿದಂತಾಗುತ್ತದೆ. ಯಾವ ಮಡಿಗೆ ಯಾವ ಬೀಜ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಮಣ್ಣಿನ ಪಕ್ಷಪಾತ ಎರಡೂ ಕಡೆಗೆ ಹಂಚಿಹೋಗುತ್ತದೆ. ಉಳಿದ ವ್ಯತ್ಯಾಸ ಆಕಸ್ಮಿಕದಿಂದ ಎಷ್ಟರ ಮಟ್ಟಿಗೆ ಬಂದಿರಬಹುದೆಂದು ಲೆಕ್ಕ ಹಾಕಬಹುದು. ಫಿಶರನ ಪ್ರಸಿದ್ಧ ಗ್ರಂಥ ಪ್ರಕಟವಾದದ್ದು 1925ರಲ್ಲಿ. ಮುಂದಿನ ದಶಕದಲ್ಲಿ ನಮ್ಮ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ ಮತ್ತು ಉತ್ತರದ ರೋಹ್ತಕ್‌ಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ತೆರೆದವು. ಮಳೆಯ ನೆಚ್ಚಿಕೆಯಿಲ್ಲದ ನಮ್ಮ ಎರೆಹೊಲಗಳ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಕೈ ಬಿಟ್ಟುಕೊಡಬೇಕು, ಕಣ್ಣು ಮುಚ್ಚಿಕೊಳ್ಳಬೇಕು

ಹೊಲದ ಈ ನ್ಯಾಯವನ್ನು ಆಸ್ಪತ್ರೆಗೆ ತಂದವರಲ್ಲಿ ಮುಖ್ಯನಾದವನು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಎರಡನೆಯ ಮಹಾಯುದ್ಧ ಮುಗಿದಾಗ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಮದ್ದು ಬಂದಿತ್ತು. ಆದರೆ ಬ್ರಿಟನ್ನಿನಲ್ಲಿ ಅದು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. 107 ರೋಗಿಗಳಲ್ಲಿ 55 ಜನರಿಗೆ ಮದ್ದು ಮತ್ತು ವಿಶ್ರಾಂತಿ, 52 ಜನರಿಗೆ ಅಂದಿನ ರೂಢಿಯಂತೆ ವಿಶ್ರಾಂತಿ ಮಾತ್ರ ಎಂದು ಹಂಚಲಾಯಿತು. ಹಂಚಿಕೆಯ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ ಮುಚ್ಚಿದ ಲಕೋಟೆಗಳಲ್ಲಿ ಇಡಲಾಗಿತ್ತು. ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು. ಕರುಣೆಯಿಂದಲೋ ಉತ್ಸಾಹದಿಂದಲೋ ವೈದ್ಯನು ತನಗೆ ಬೇಕಾದವರನ್ನು ಮದ್ದಿನ ಕಡೆಗೆ ತಳ್ಳಲು ಅಲ್ಲಿ ಎಡೆಯಿರಲಿಲ್ಲ. ಆರು ತಿಂಗಳ ಕೊನೆಗೆ ಮದ್ದಿನ ಗುಂಪಿನಲ್ಲಿ 4 ಜನ, ಇನ್ನೊಂದರಲ್ಲಿ 14 ಜನ ಸತ್ತಿದ್ದರು. 1948ರಲ್ಲಿ ಪ್ರಕಟವಾದ ಈ ವರದಿಯನ್ನು ವೈದ್ಯಕೀಯ ಪ್ರಯೋಗಗಳ ಇತಿಹಾಸದಲ್ಲಿ ಒಂದು ಗಡಿಗಲ್ಲೆಂದು ಎಣಿಸುತ್ತಾರೆ.

ಇಲ್ಲಿಯೇ ಎರಡನೆಯ ಉಪಾಯವೂ ಕಾಣುತ್ತದೆ. ಎದೆಯ ಎಕ್ಸ್-ರೇ ಚಿತ್ರಗಳನ್ನು ನೋಡಿ ರೋಗ ಇಳಿದಿದೆಯೇ ಏರಿದೆಯೇ ಎಂದು ಹೇಳುವ ತಜ್ಞರಿಗೆ ಯಾವ ಚಿತ್ರ ಯಾವ ಗುಂಪಿನ ರೋಗಿಯದು ಎಂಬುದನ್ನು ತಿಳಿಸಿರಲಿಲ್ಲ. ತಿಳಿದಿದ್ದರೆ ಕಣ್ಣು ತಾನು ಬಯಸಿದ್ದನ್ನೇ ಕಾಣುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರಿನ ಬದಲು ಕ್ರಮಾಂಕ ಬರೆಸುವ ಪದ್ಧತಿ ನಮ್ಮ ಶಿಕ್ಷಕರಿಗೆ ಹೊಸದಲ್ಲ, ಇದೂ ಅದೇ. ಮುಂದೆ ರೋಗಿಗೂ ವೈದ್ಯನಿಗೂ ಇಬ್ಬರಿಗೂ ಮರೆಮಾಚುವ ಪ್ರಯೋಗಗಳು ರೂಢಿಗೆ ಬಂದವು. ಅದನ್ನೇ ಡಬಲ್ ಬ್ಲೈಂಡ್ ಎನ್ನುತ್ತಾರೆ. ನಿಜವಾದ ಗುಳಿಗೆಯಂತೆಯೇ ಕಾಣುವ, ಒಳಗೆ ಔಷಧವಿಲ್ಲದ ಹುಸಿಗುಳಿಗೆಯನ್ನು ಒಂದು ಗುಂಪಿಗೆ ಕೊಡುತ್ತಾರೆ. ಆದರೆ ಲಂಡನ್ನಿನ ಪ್ರಯೋಗದಲ್ಲಿ ಹುಸಿಮದ್ದು ಕೊಡಲಿಲ್ಲ. ದಿನಕ್ಕೆ ನಾಲ್ಕು ಸಲದಂತೆ ನಾಲ್ಕು ತಿಂಗಳು ಬರಿಯ ಉಪ್ಪುನೀರನ್ನು ರೋಗಿಯ ಮೈಗೆ ಚುಚ್ಚುವುದು ಸರಿಯಲ್ಲ ಎಂದು ಅವರಿಗೆ ಕಂಡಿತು. ಸಾಧ್ಯವಿದ್ದಲ್ಲಿ ಮರೆಮಾಚಬೇಕು, ಎಲ್ಲಿ ಅದು ರೋಗಿಗೆ ಹಿಂಸೆಯಾಗುತ್ತದೆಯೋ ಅಲ್ಲಿ ಅಳತೆ ಮಾಡುವವನ ಕಣ್ಣನ್ನಾದರೂ ಕಟ್ಟಬೇಕು.

ಈ ವಿದ್ಯೆ ಭಾರತಕ್ಕೆ ಬರಲು ತಡವಾಗಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಅವರವರ ಮನೆಯಲ್ಲಿಯೇ ಒಂದೇ ಮದ್ದನ್ನು ಒಂದು ವರ್ಷ ಕೊಟ್ಟರು. ಇಕ್ಕಟ್ಟಾದ ಬಡವರ ಮನೆಯಲ್ಲಿ, ಅರೆಹೊಟ್ಟೆಯಲ್ಲಿ ಇದ್ದವರು ಕೂಡ ಸ್ಯಾನಿಟೋರಿಯಂನವರಿಗೆ ಸರಿಸಮನಾಗಿ ಗುಣಹೊಂದಿದರು; ಮನೆಯವರಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. ಹಾಸಿಗೆಗಳಿಲ್ಲದ ದೇಶವೂ ಕ್ಷಯವನ್ನು ಎದುರಿಸಬಹುದೆಂಬ ಧೈರ್ಯ ಆ ಪ್ರಯೋಗದಿಂದ ಬಂದಿತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮುಂದೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿದಾಗ ಅದರ ಬೆನ್ನಿಗೆ ಈ ಫಲಿತಾಂಶವಿತ್ತು.

ಬಾರ್ಶಿಯ ಹೆಸರಿನ ಪಟ್ಟಿ

ಈಗ ಬಾರ್ಶಿಗೆ ಬರೋಣ. ಯಾವ ಪ್ರಯೋಗಕ್ಕೂ ಮೊದಲು ಬೇಕಾದದ್ದು ಲೆಕ್ಕ. ಯಾರಿಗೆ ರೋಗ ಬಂದಿತು, ಯಾರು ಸತ್ತರು ಎಂಬುದೇ ಬರೆದಿಡದ ಊರಿನಲ್ಲಿ ಯಾವ ಮದ್ದು ಗೆದ್ದಿತೆಂದು ಹೇಳಲಾಗದು. 1987ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ನೆರವಿನಿಂದ ಬಾರ್ಶಿಯಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 346 ಹಳ್ಳಿಗಳು ಅದರ ವ್ಯಾಪ್ತಿಯಲ್ಲಿದ್ದವು. ಪಟ್ಟಣದ ನೋಂದಣಿಯಲ್ಲಿ ಆಸ್ಪತ್ರೆಯ ಕಾಗದಗಳಿಂದ ಲೆಕ್ಕ ಸಿಗುತ್ತದೆ. ಆದರೆ ಹಳ್ಳಿಯಲ್ಲಿ ಆಸ್ಪತ್ರೆಯ ಮುಖವನ್ನೇ ಕಾಣದೆ ಸತ್ತವರು ಎಷ್ಟೋ ಜನ. ಆದುದರಿಂದ ಕಾರ್ಯಕರ್ತರು ಊರೂರು ತಿರುಗಿ, ಜನರೊಡನೆ ಮಾತನಾಡಿ, ಲಕ್ಷಣ ಕಂಡವರನ್ನು ಪರೀಕ್ಷೆಗೆ ಕರೆತರಬೇಕಾಯಿತು.

ಆ ಪಟ್ಟಿ ಹೇಳಿದ್ದು ಇಷ್ಟು: ಈ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಗರ್ಭಕಂಠದ ಕ್ಯಾನ್ಸರ್, ಬಹುಪಾಲು ಹೆಂಗಸರು ಆಸ್ಪತ್ರೆಗೆ ಬರುವಷ್ಟರಲ್ಲಿ ರೋಗ ಕೈಮೀರಿರುತ್ತದೆ. ನಾಚಿಕೆ, ಹಣದ ಅಡಚಣೆ, ಹೊಲಮನೆಯ ಕೆಲಸ, ನೋವಿಲ್ಲದ ರೋಗವನ್ನು ರೋಗವೆನ್ನದ ರೂಢಿ, ಇವೆಲ್ಲ ಸೇರಿದ್ದವು. ಊರಿನಲ್ಲಿ ರೋಗಲಕ್ಷಣಗಳ ತಿಳಿವಳಿಕೆ ಕೊಡುತ್ತ ಹೋದ ಮೇಲೆ ಮೊದಲ ಹಂತದಲ್ಲಿಯೇ ಬರುವವರ ಪ್ರಮಾಣ ಹೆಚ್ಚಿತು ಎಂದು ಡಾ. ಕಸ್ತೂರಿ ಜಯಂತ್ ಮತ್ತು ಅವರ ಸಂಗಡಿಗರು 1995ರಲ್ಲಿ ವರದಿ ಮಾಡಿದರು. ಹಾಗಾದರೆ ಲಕ್ಷಣ ಕಾಣುವುದಕ್ಕೂ ಮೊದಲೇ ಪರೀಕ್ಷಿಸಿದರೆ ಸಾವು ತಪ್ಪುವುದೇ? ಯಾವ ಪರೀಕ್ಷೆಯಿಂದ? ಈ ಪ್ರಶ್ನೆಯೇ ದೊಡ್ಡ ಪ್ರಯೋಗಕ್ಕೆ ಬೀಜವಾಯಿತು.

52 ಗುಚ್ಛಗಳು, ನಾಲ್ಕು ಗುಂಪುಗಳು

ಗರ್ಭಕಂಠದ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಾಣು. ಅದು ತಗಲಿದ ಬಹುಪಾಲು ಹೆಂಗಸರಲ್ಲಿ ತಾನಾಗಿ ಮಾಯವಾಗುತ್ತದೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿದು ಮೆಲ್ಲಗೆ ಕ್ಯಾನ್ಸರಾಗುತ್ತದೆ. ಈ ನಿಧಾನವೇ ತಪಾಸಣೆಗೆ ಸಿಗುವ ಅವಕಾಶ. ಪರೀಕ್ಷೆಗಳು ಮೂರು. ಕಂಠದ ಜೀವಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ. ವಿನೆಗರಿನಂತಹ ತಿಳಿಯಾದ ಅಸಿಟಿಕ್ ಆಮ್ಲವನ್ನು ಸವರಿ ಬಿಳಿಚಿದ ಭಾಗವನ್ನು ಬರಿಗಣ್ಣಿನಿಂದ ಗುರುತಿಸುವ ಪರೀಕ್ಷೆ. ವೈರಾಣುವಿನ ಡಿಎನ್‌ಎಯನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ. ಮೊದಲನೆಯದಕ್ಕೆ ನುರಿತ ಪ್ರಯೋಗಶಾಲೆ ಬೇಕು, ಎರಡನೆಯದು ಅಗ್ಗ, ಮೂರನೆಯದು ಅಂದು ಬಹಳ ದುಬಾರಿ.

ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಡಾ. ರಂಗಸ್ವಾಮಿ ಶಂಕರನಾರಾಯಣನ್, ಬಾರ್ಶಿಯ ನರ್ಗಿಸ್ ದತ್ತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯ ಡಾ. ಭಗವಾನ್ ನೇನೆ, ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಮೊದಲಾದವರು ಸೇರಿ ಪ್ರಯೋಗವನ್ನು ಹೂಡಿದರು. 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಹೆಂಗಸರು ಅದರಲ್ಲಿದ್ದರು. ಇಲ್ಲಿ ಒಬ್ಬೊಬ್ಬ ಹೆಂಗಸಿಗೆ ಚೀಟಿ ಎತ್ತಲಿಲ್ಲ. ಹಳ್ಳಿಗಳ 52 ಗುಚ್ಛಗಳನ್ನು ಮಾಡಿ, ಗುಚ್ಛಕ್ಕೆ ಒಂದರಂತೆ ಚೀಟಿ ಎತ್ತಿದಂತೆ ಹಂಚಿದರು. ಕಾರಣ ಸ್ಪಷ್ಟ. ಒಂದೇ ಓಣಿಯಲ್ಲಿ ಅಕ್ಕನಿಗೆ ಒಂದು ಪರೀಕ್ಷೆ, ತಂಗಿಗೆ ಇನ್ನೊಂದು, ನೆಗೆಣ್ಣಿಗೆ ಯಾವುದೂ ಇಲ್ಲ ಎಂದರೆ ಊರಿನಲ್ಲಿ ಗೊಂದಲ ತಪ್ಪದು; ಒಬ್ಬಳಿಗೆ ಹೇಳಿದ ತಿಳಿವಳಿಕೆ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹರಡಿ ಹೋಲಿಕೆಯೇ ಕೆಡುತ್ತದೆ. ಹೀಗೆ ಮಾಡಿದ್ದಕ್ಕೆ ಬೆಲೆಯೂ ತೆರಬೇಕಾಯಿತು. ಒಂದೇ ಊರಿನ ಜನರ ಊಟ, ಬದುಕು, ಮದುವೆಯ ವಯಸ್ಸು ಒಂದನ್ನೊಂದು ಹೋಲುತ್ತವೆ. ಎತ್ತಿದ ಚೀಟಿಗಳು ಲಕ್ಷವಲ್ಲ, 52 ಮಾತ್ರ. ಆದುದರಿಂದಲೇ ಅಷ್ಟೊಂದು ಜನರನ್ನು ಸೇರಿಸಿಕೊಳ್ಳಬೇಕಾಯಿತು.

ಎಚ್‌ಪಿವಿ ಪರೀಕ್ಷೆಯ ಗುಂಪಿಗೆ 34,126, ಪ್ಯಾಪ್ ಪರೀಕ್ಷೆಗೆ 32,058, ಆಮ್ಲದ ಪರೀಕ್ಷೆಗೆ 34,074 ಹೆಂಗಸರು ಬಂದರು. ಉಳಿದ 31,488 ಹೆಂಗಸರು ಹೋಲಿಕೆಯ ಗುಂಪಿನವರು. ಅವರಿಗೆ ರೂಢಿಯಲ್ಲಿದ್ದ ಸೌಲಭ್ಯವಷ್ಟೇ ಉಳಿಯಿತು, ತಪಾಸಣೆಗೆ ಕರೆ ಹೋಗಲಿಲ್ಲ. ಕರೆ ಹೋದ ಗುಂಪುಗಳಲ್ಲಿ ಸುಮಾರು ಐದರಲ್ಲಿ ನಾಲ್ವರು ಬಂದು ಪರೀಕ್ಷೆ ಮಾಡಿಸಿಕೊಂಡರು. ದೋಷ ಕಂಡವರನ್ನು ಮತ್ತೆ ಪರೀಕ್ಷಿಸಿ ಚಿಕಿತ್ಸೆ ಕೊಡಲಾಯಿತು.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು, ಕೊನೆಯ ಲೆಕ್ಕದಲ್ಲಿ ಪರೀಕ್ಷೆಗೆ ಬಂದವರನ್ನಷ್ಟೇ ಎಣಿಸಲಿಲ್ಲ; ಕರೆದರೂ ಬಾರದವರನ್ನೂ ಆಯಾ ಗುಂಪಿನಲ್ಲಿಯೇ ಇಟ್ಟು ಎಣಿಸಿದರು. ಬಂದವರು ಹೆಚ್ಚು ಎಚ್ಚರದವರು, ಬಾರದವರು ಹೆಚ್ಚು ಬಳಲಿದವರು ಇರಬಹುದು. ಅವರನ್ನು ಬಿಟ್ಟರೆ ಚೀಟಿ ಎತ್ತಿ ಸಾಧಿಸಿದ ಸಮತೋಲ ಮಣ್ಣುಪಾಲಾಗುತ್ತದೆ. ಎರಡನೆಯದು, ಇದು ಮರೆಮಾಚಿದ ಪ್ರಯೋಗವಲ್ಲ; ಆಗಲು ಸಾಧ್ಯವೂ ಇರಲಿಲ್ಲ. ತನ್ನನ್ನು ಪರೀಕ್ಷಿಸಿದರೋ ಇಲ್ಲವೋ ಎಂಬುದನ್ನು ಹೆಂಗಸಿನಿಂದ ಹೇಗೆ ಮುಚ್ಚಿಡುವುದು? ಅಂಥಲ್ಲಿ ಅಭಿಪ್ರಾಯದ ಮೇಲೆ ನಿಲ್ಲುವ ಅಳತೆ ಕೆಲಸಕ್ಕೆ ಬಾರದು. ಅದಕ್ಕಾಗಿಯೇ ಮುಂದುವರಿದ ಕ್ಯಾನ್ಸರ್ ಎಷ್ಟು, ಅದರಿಂದ ಸಾವು ಎಷ್ಟು ಎಂಬ ಗಟ್ಟಿಯಾದ ಅಳತೆಗಳನ್ನು ಹಿಡಿದರು. 1987ರಿಂದ ಬಾರ್ಶಿಯವರು ಬೆಳೆಸಿದ್ದ ನೋಂದಣಿಯ ಅಭ್ಯಾಸ ಆಗ ನೆರವಿಗೆ ಬಂದಿತು.

ಎಣಿಕೆ ಹೇಳಿದ ಸತ್ಯ

ಫಲಿತಾಂಶ 2009ರ ಏಪ್ರಿಲಿನಲ್ಲಿ ಅಮೆರಿಕದ ಪ್ರಖ್ಯಾತ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ ಒಟ್ಟು 127 ಕ್ಯಾನ್ಸರುಗಳು, ಹೋಲಿಕೆಯ ಗುಂಪಿನಲ್ಲಿ 118. ಇದನ್ನಷ್ಟೇ ಓದಿದವರಿಗೆ ತಪಾಸಣೆಯಿಂದ ಏನೂ ಆಗಲಿಲ್ಲವೆನ್ನಿಸಬಹುದು. ಆದರೆ ಹುಡುಕಿದಲ್ಲಿ ಹೆಚ್ಚು ಸಿಗುವುದು ಸಹಜ. ಎಳೆಯ ಹಂತದಲ್ಲಿಯೇ ಸಿಕ್ಕಿತೇ ಎಂಬುದು ಮುಖ್ಯ. ಎರಡನೆಯ ಹಂತವನ್ನು ಮುಟ್ಟಿದ ಅಥವಾ ಮೀರಿದ ಕ್ಯಾನ್ಸರುಗಳು ಎಚ್‌ಪಿವಿ ಗುಂಪಿನಲ್ಲಿ 39, ಹೋಲಿಕೆಯ ಗುಂಪಿನಲ್ಲಿ 82. ಗರ್ಭಕಂಠದ ಕ್ಯಾನ್ಸರಿನಿಂದ ಸಾವು ಅಲ್ಲಿ 34, ಇಲ್ಲಿ 64. ಒಂದೇ ಒಂದು ಸಲ ಮಾಡಿದ ಪರೀಕ್ಷೆ ಎಂಟು ವರ್ಷಗಳ ಅವಧಿಯಲ್ಲಿ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತ್ತು. ಪ್ಯಾಪ್ ಮತ್ತು ಆಮ್ಲದ ಪರೀಕ್ಷೆಯ ಗುಂಪುಗಳಲ್ಲಿ ಆಕಸ್ಮಿಕವಲ್ಲವೆಂದು ಧೈರ್ಯದಿಂದ ಹೇಳುವಷ್ಟು ಇಳಿಕೆ ಕಾಣಲಿಲ್ಲ.

ಒಂದು ಪ್ರಯೋಗ ಕೊನೆಯ ಮಾತಲ್ಲ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಮ್ಲದ ಪರೀಕ್ಷೆಯಿಂದಲೇ ಸಾವು ನೂರಕ್ಕೆ 35ರಷ್ಟು ಇಳಿದಿತ್ತು. ಮುಂಬಯಿಯ ಕೊಳೆಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಅದೇ ಪರೀಕ್ಷೆ ಮಾಡಿದ ಪ್ರಯೋಗದಲ್ಲಿ ನೂರಕ್ಕೆ 31ರಷ್ಟು ಇಳಿದದ್ದು 2014ರಲ್ಲಿ ಪ್ರಕಟವಾಯಿತು. ಮೂರನ್ನೂ ಕೂಡಿಸಿ ಓದಿದಾಗಲೇ ಚಿತ್ರ ಪೂರ್ಣವಾಗುವುದು. ಆದರೂ ಒಂದೇ ಪರೀಕ್ಷೆಗೆ ಇಷ್ಟು ಬಲವಿದೆ ಎಂದು ಸಾವಿನ ಲೆಕ್ಕದಿಂದ ತೋರಿಸಿದ ಕೀರ್ತಿ ಬಾರ್ಶಿಯ ಪ್ರಯೋಗದ್ದು. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಪರೀಕ್ಷೆಯೇ ಮೊದಲ ಆಯ್ಕೆಯಾಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. ಅದರ ಹಿಂದಿರುವ ಪುರಾವೆಗಳಲ್ಲಿ ನಮ್ಮ ನೆರೆಯ ಹೆಣ್ಣುಮಕ್ಕಳ ಎಣಿಕೆಯೂ ಒಂದು.

64 ಹೆಸರುಗಳ ಋಣ

ಇಲ್ಲಿಗೆ ನಿಲ್ಲಿಸಿದರೆ ಇತಿಹಾಸ ಅರ್ಧವಾಗುತ್ತದೆ. ಹೋಲಿಕೆಯ ಗುಂಪಿನಲ್ಲಿ ತೀರಿಕೊಂಡ ಆ 64 ಜನರ ವಿಷಯವಾಗಿ ಗಂಭೀರವಾದ ಪ್ರಶ್ನೆಯೊಂದು ಎದ್ದಿತು. ಪ್ಯಾಪ್ ಪರೀಕ್ಷೆಯಿಂದ ಪಾಶ್ಚಾತ್ಯ ದೇಶಗಳಲ್ಲಿ ಸಾವು ಇಳಿದದ್ದು ಆಗಲೇ ತಿಳಿದಿತ್ತು. ಹೀಗಿರುವಾಗ ಸಾವಿರಾರು ಹೆಂಗಸರನ್ನು ತಪಾಸಣೆಯಿಲ್ಲದೆ ಬಿಟ್ಟು ಎಣಿಸುವುದು ನ್ಯಾಯವೇ ಎಂದು ಟೀಕಾಕಾರರು ಕೇಳಿದರು. ಪ್ರಯೋಗವನ್ನು ಸಮರ್ಥಿಸಿದವರ ಉತ್ತರ ಹೀಗಿತ್ತು: ದೇಶದಲ್ಲಿ ಅಂದು ಯಾವ ತಪಾಸಣೆಯ ಕಾರ್ಯಕ್ರಮವೂ ಇರಲಿಲ್ಲ, ನುರಿತ ಪ್ರಯೋಗಶಾಲೆಗಳಿಲ್ಲದ ಹಳ್ಳಿಗಾಡಿನಲ್ಲಿ ಯಾವುದು ನಿಜವಾಗಿ ಪ್ರಾಣ ಉಳಿಸುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ, ಪ್ಯಾಪ್ ಪರೀಕ್ಷೆಯೇ ಇಲ್ಲಿ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲವೆಂಬುದು ಎಣಿಸಿದ್ದರಿಂದಲೇ ಗೊತ್ತಾಯಿತು. ಎರಡೂ ಮಾತುಗಳಲ್ಲಿ ತೂಕವಿದೆ. ಚೀಟಿ ಎತ್ತಲು ಅಧಿಕಾರ ಬರುವುದು ನಮಗೆ ನಿಜವಾಗಿ ತಿಳಿಯದಿದ್ದಾಗ ಮಾತ್ರ. ತಿಳಿದೂ ಚೀಟಿ ಎತ್ತಿದರೆ ಅದು ವಂಚನೆ. ತಿಳಿಯದೆಯೇ ಎಲ್ಲರಿಗೂ ಒಂದೇ ಚಿಕಿತ್ಸೆ ಹೇರಿದರೆ ಅದೂ ಒಂದು ಪ್ರಯೋಗವೇ, ಲೆಕ್ಕವಿಲ್ಲದ ಪ್ರಯೋಗ.

ವಾದ ಹೇಗೇ ಇರಲಿ, ಒಂದು ಸಂಗತಿ ಉಳಿಯುತ್ತದೆ. ಆ 64 ಸಾವುಗಳಿಂದ ದೊರೆತ ತಿಳಿವಳಿಕೆಯನ್ನು ಬಳಸದೆ ಬಿಟ್ಟರೆ ಋಣ ತೀರುವುದಿಲ್ಲ.

ಲಸಿಕೆ, ಒಪ್ಪಿಗೆ ಮತ್ತು ಶಾಲೆ

2009ರಲ್ಲಿ ಬಾರ್ಶಿ ಮತ್ತೊಂದು ಪ್ರಯೋಗಕ್ಕೆ ಸೇರಿತು. ಎಚ್‌ಪಿವಿ ಲಸಿಕೆಯನ್ನು ಮೂರು ಡೋಸ್ ಕೊಡಬೇಕೇ, ಎರಡು ಸಾಕೇ ಎಂಬುದನ್ನು ತಿಳಿಯಲು 10ರಿಂದ 18 ವಯಸ್ಸಿನ 20,000 ಹುಡುಗಿಯರನ್ನು ಚೀಟಿ ಎತ್ತಿದಂತೆ ಹಂಚುವ ಯೋಜನೆಯದು. ದೇಶದ ಹಲವು ಕೇಂದ್ರಗಳಲ್ಲಿ ಬಾರ್ಶಿಯೂ ಒಂದು. ಆದರೆ ಅದೇ ಹೊತ್ತಿಗೆ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ನಡೆಯುತ್ತಿದ್ದ ಬೇರೊಂದು ಲಸಿಕಾ ಯೋಜನೆಯಲ್ಲಿ ಏಳು ಹುಡುಗಿಯರ ಸಾವಿನ ಸುದ್ದಿ ಬಂದಿತು. ಸಾವಿಗೆ ಲಸಿಕೆ ಕಾರಣವಾಗಿರುವ ಸಂಭವ ಕಡಿಮೆಯೆಂದು ವಿಚಾರಣೆಯಲ್ಲಿ ಕಂಡರೂ ಒಪ್ಪಿಗೆ ಪಡೆದ ರೀತಿ ದೋಷಪೂರ್ಣವಾಗಿತ್ತು. ಆಂಧ್ರದಲ್ಲಿ ಸಾವಿರಾರು ಒಪ್ಪಿಗೆ ಪತ್ರಗಳಿಗೆ ತಂದೆತಾಯಿಗಳ ಬದಲು ಹಾಸ್ಟೆಲಿನ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸತ್ತಿನ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಶಾಲೆಯನ್ನು ನಡೆಸುವವರೂ ಮಕ್ಕಳನ್ನು ಶಾಲೆಗೆ ಕಳಿಸುವವರೂ ಈ ಪ್ರಕರಣವನ್ನು ಮರೆಯಬಾರದು. ಮಗುವಿನ ಮೈಮೇಲಿನ ಒಪ್ಪಿಗೆಯನ್ನು ಗುರುಗಳ ಸಹಿಯಿಂದ ಪಡೆಯಲಾಗದು. ಅದು ಪಾಲಕರಿಗೆ ತಿಳಿಯುವ ಭಾಷೆಯಲ್ಲಿ ತಿಳಿಸಿ ಪಡೆಯಬೇಕಾದದ್ದು. ಕನ್ನಡ ಮನೆಮಾತಿನ ಗಡಿನಾಡಿನ ತಾಯಿಗೆ ಮರಾಠಿ ಅಥವಾ ಇಂಗ್ಲಿಷಿನ ಪತ್ರ ಹಿಡಿಸಿದರೆ ಅದು ಒಪ್ಪಿಗೆಯಾಗದು.

2010ರ ಏಪ್ರಿಲಿನಲ್ಲಿ ಸರಕಾರ ದೇಶದ ಎಲ್ಲ ಎಚ್‌ಪಿವಿ ಲಸಿಕಾ ಪ್ರಯೋಗಗಳನ್ನು ತಡೆಹಿಡಿಯಿತು. ಸುಮಾರು 5,000 ಹುಡುಗಿಯರಿಗೆ ಅಷ್ಟರಲ್ಲಿ ಒಂದೇ ಡೋಸ್ ಸಿಕ್ಕಿತ್ತು. ಚೀಟಿಯ ಹಂಚಿಕೆ ಮುರಿಯಿತು. ಆದರೆ ಸಂಶೋಧಕರು ಅವರ ಕೈ ಬಿಡಲಿಲ್ಲ, ಹತ್ತು ವರ್ಷಗಳವರೆಗೆ ಅನುಸರಿಸಿದರು. ಒಂದೇ ಡೋಸ್ ಪಡೆದವರಲ್ಲಿಯೂ ಕ್ಯಾನ್ಸರಿಗೆ ಕಾರಣವಾಗುವ ಮುಖ್ಯ ವೈರಾಣುಗಳ ಸ್ಥಿರ ಸೋಂಕಿನಿಂದ ನೂರಕ್ಕೆ 95ರಷ್ಟು ರಕ್ಷಣೆ ಇದೆಯೆಂದು 2021ರಲ್ಲಿ ವರದಿಯಾಯಿತು. ಆದರೆ ಒಂದು ಡೋಸ್ ಯಾರಿಗೆ ಎಂಬುದನ್ನು ಇಲ್ಲಿ ನಿರ್ಧರಿಸಿದ್ದು ಚೀಟಿಯಲ್ಲ, ಸರಕಾರದ ಆದೇಶ. ಅನುಮಾನಕ್ಕೆ ಎಡೆ ಉಳಿದೇ ಇತ್ತು. ಅದನ್ನು ನೀಗಿಸಿದ್ದು ಕೀನ್ಯಾ ದೇಶ. ಅಲ್ಲಿ 15ರಿಂದ 20 ವಯಸ್ಸಿನ 2,275 ಯುವತಿಯರನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಒಂದು ಡೋಸ್ ಎಚ್‌ಪಿವಿ ಲಸಿಕೆ, ಉಳಿದವರಿಗೆ ಮಿದುಳುಜ್ವರದ ಲಸಿಕೆ ಕೊಟ್ಟರು. ಯಾರಿಗೆ ಯಾವುದು ಎಂಬುದನ್ನು ಮರೆಮಾಚಲಾಗಿತ್ತು. ಇಲ್ಲಿ ಮರೆಮಾಚಲು ಬರಿನೀರು ಚುಚ್ಚಲಿಲ್ಲ. ಉಪಯುಕ್ತವಾದ ಇನ್ನೊಂದು ಲಸಿಕೆಯನ್ನೇ ಕೊಟ್ಟರು. ಹೋಲಿಕೆಯ ಗುಂಪಿಗೂ ಮುಂದೆ ಎಚ್‌ಪಿವಿ ಲಸಿಕೆ ಸಿಗುವಂತೆ ಮೊದಲೇ ಏರ್ಪಡಿಸಿದ್ದರು. 2022ರಲ್ಲಿ ಬಂದ ಫಲಿತಾಂಶ ನೂರಕ್ಕೆ 97.5. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸಿನ ಕ್ರಮವನ್ನೂ ಒಪ್ಪಿತು. ಪ್ರಯೋಗಶಾಸ್ತ್ರ ತನ್ನ ಹಳೆಯ ತಪ್ಪುಗಳಿಂದ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಉಳಿದಿರುವ ಕೆಲಸ

ನಮ್ಮ ಕಾನೂನುಗಳೂ ಬದಲಾದವು. 2007ರಲ್ಲಿ ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಆರಂಭವಾಯಿತು. 2009ರಿಂದ ಔಷಧ ಪ್ರಯೋಗಗಳನ್ನು ಅದರಲ್ಲಿ ಮೊದಲೇ ದಾಖಲಿಸುವುದು ಕಡ್ಡಾಯವಾಯಿತು. ಸೋತ ಪ್ರಯೋಗವನ್ನು ಮುಚ್ಚಿಟ್ಟು ಗೆದ್ದದ್ದನ್ನಷ್ಟೇ ಸಾರುವುದಕ್ಕೆ ಇದರಿಂದ ತಡೆ ಬಿದ್ದಿತು. 2019ರ ನಿಯಮಗಳು ಪ್ರಯೋಗಕ್ಕೆ ಒಳಗಾಗುವವರ ಹಕ್ಕು ಮತ್ತು ಪರಿಹಾರಗಳನ್ನು ವಿಧಿಸಿವೆ.

ಇಂದು ಎಲ್ಲೆಡೆಯಿಂದ ಮದ್ದಿನ ಜಾಹೀರಾತುಗಳು ನಮ್ಮ ಮೇಲೆ ಬೀಳುತ್ತಿವೆ. ಅವುಗಳನ್ನು ನೋಡಿದಾಗ ನಮ್ಮ ಶಾಲೆಯಲ್ಲಿ ಕಲಿತವರು ನಾಲ್ಕು ಪ್ರಶ್ನೆಗಳನ್ನು ಕೇಳುವುದನ್ನು ರೂಢಿಸಿಕೊಂಡರೆ ಸಾಕು. ಯಾರೊಡನೆ ಹೋಲಿಸಿದರು? ಗುಂಪುಗಳನ್ನು ಚೀಟಿ ಎತ್ತಿ ಮಾಡಿದರೋ, ತಮಗೆ ತೋಚಿದಂತೆ ಮಾಡಿದರೋ? ಫಲವನ್ನು ಅಳೆದವರಿಗೆ ಯಾರು ಯಾವ ಗುಂಪಿನವರೆಂದು ತಿಳಿದಿತ್ತೇ? ನಡುವೆ ಬಿಟ್ಟುಹೋದವರನ್ನೂ ಲೆಕ್ಕದಲ್ಲಿ ಹಿಡಿದರೇ? ಈ ನಾಲ್ಕಕ್ಕೆ ಉತ್ತರವಿಲ್ಲದ ಮದ್ದಿನ ಹೊಗಳಿಕೆಯನ್ನು ಸಂತೆಯ ಕೂಗೆಂದು ತಿಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇನ್ನೂ ನಮ್ಮ ಮನೆಗಳಲ್ಲಿಯೇ ಉಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ 1.9, ಅಂದರೆ ಇಬ್ಬರೂ ಇಲ್ಲ. ಜಗತ್ತಿಗೆ ಪುರಾವೆ ಕೊಟ್ಟ ದೇಶವೇ ಅದರ ಫಲ ಉಣ್ಣದೆ ಉಳಿದಿದೆ. ಎಚ್‌ಪಿವಿ ಪರೀಕ್ಷೆ ಇನ್ನೂ ಎಲ್ಲ ಕಡೆ ಸಿಗದಿದ್ದರೂ 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಆಮ್ಲದ ಪರೀಕ್ಷೆ ಮಾಡಬೇಕೆಂಬ ಸರಕಾರದ ಕ್ರಮ 2016ರಿಂದ ಇದೆ. ಕೇಳಿ ಪಡೆಯುವವರು ಬೇಕು, ಅಷ್ಟೇ. ಈ ಸಂಚಿಕೆಯನ್ನು ಮನೆಗೆ ಒಯ್ಯುವ ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಯೂ ತನ್ನ ತಾಯಿಯನ್ನೋ ಹೆಂಡತಿಯನ್ನೋ ಅಕ್ಕನನ್ನೋ, ವಿದ್ಯಾರ್ಥಿನಿಯರಾದರೆ ತಮ್ಮನ್ನು ತಾವೇ, ಒಂದು ಸಲ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲಿ. ನೆರೆಯ ಹಳ್ಳಿಗಳ ಆ ಹೆಣ್ಣುಮಕ್ಕಳಿಗೆ ನಾವು ಸಲ್ಲಿಸಬಹುದಾದ ಗೌರವ ಅದು.